ಅರ್ಧ ಗೆದ್ದವನ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ರಮ್ಮಿಯಲ್ಲಿ ಕೈ ಪಳಗಿದವರು ಒಮ್ಮೆ ಕೂತು ನೋಡಬೇಕಾದ ಆಟ ಡ್ರಾಮಹಾ. ಪೋಕರ್‌ನ ಎರಡು ಬಗೆಗಳನ್ನು, ಅಂದರೆ ಫೈವ್ ಕಾರ್ಡ್ ಡ್ರಾ ಮತ್ತು ಒಮಾಹಾವನ್ನು, ಬೆರೆಸಿ ಕಟ್ಟಿದ್ದು. ತಲೆಗೆ ಐದೈದು ಎಲೆ. ಒಂದು ಸುತ್ತು ಪಣವಾದ ಮೇಲೆ ನೆಲಕ್ಕೆ ಮೂರು ಎಲೆ ಬಿಚ್ಚುತ್ತಾರೆ, ಮತ್ತೆ ಪಣ. ಆಮೇಲೆ ಬೇಡದ ಎಲೆ ಎಸೆದು ಅಷ್ಟೇ ಹೊಸದು ಎಳೆಯಬಹುದು, ಬೇಕಿದ್ದರೆ ಐದನ್ನೂ. ನಂತರ ನೆಲಕ್ಕೆ ಇನ್ನೆರಡು ಎಲೆ ಒಂದೊಂದಾಗಿ, ಒಂದೊಂದಕ್ಕೂ ಒಂದು ಸುತ್ತು ಪಣ. ಕೊನೆಗೆ ರಾಶಿ ಎರಡು ಪಾಲು. ಕೈಯಲ್ಲಿರುವ ಐದೆಲೆ ಯಾರದು ಮೇಲೋ ಅವರಿಗೆ ಒಂದು. ಕೈಯಿಂದ ಎರಡೇ ಎರಡು, ನೆಲದಿಂದ ಮೂರು ಸೇರಿಸಿದಾಗ ಯಾರದು ಮೇಲೋ ಅವರಿಗೆ ಇನ್ನೊಂದು.

ಅರ್ಧವಂತೂ ಗ್ಯಾರಂಟಿ ಎಂದು ನಂಬಿ ಏರಿಸುತ್ತಾ ಹೋಗುವವನೇ ಈ ಆಟದಲ್ಲಿ ಸವೆಯುತ್ತಾನೆ. ಇಬ್ಬರು ನೂರು ನೂರು ಹಾಕಿದ್ದರೆ ಅರ್ಧ ಎಂದರೆ ನೂರು, ತಾನು ಹಾಕಿದ್ದೇ ವಾಪಸು. ಆ ಅರ್ಧದಲ್ಲೂ ಸಮಬಲವಾಗಿ ಕಾಲು ಪಾಲಿಗೆ ಇಳಿದರೆ ಐವತ್ತು ನಷ್ಟ. ಕೈಯಲ್ಲಿ ಮೂರು ರಾಜ, ಎರಡು ಏಳು ಬಂದವರು ಹಿಗ್ಗುವುದು ಸಹಜ. ಕೈಯ ಪಾಲು ಬಹುತೇಕ ಅವರದೇ. ಆದರೆ ನೆಲದಲ್ಲಿ ಎಕ್ಕ, ಎಂಟು, ಮೂರು ಬಿದ್ದಿದ್ದರೆ? ಕೈಯಿಂದ ಎರಡೇ ಎಲೆ ಎಣಿಕೆಗೆ ಬರುವುದರಿಂದ ಮೂರನೆಯ ರಾಜ ಅಲ್ಲಿ ದಂಡ, ಉಳಿಯುವುದು ಬರೀ ಜೋಡಿ. ಅದೇ ನೆಲಕ್ಕೆ ಎರಡು ಎಕ್ಕ ಹಿಡಿದವರಿಗೆ ಮೂರು ಎಕ್ಕ ಆಗಲೇ ಕೂಡಿದೆ. ಮಿಕ್ಕ ಮೂರು ಎಲೆ ಎಸೆದು ಕೈಯನ್ನೂ ಬೆಳೆಸಬಹುದು. ಎಷ್ಟೋ ಕೈಗಳ ಎದುರು ಅವರಿಗೆ ಎರಡೂ ಪಾಲಿನ ದಾರಿ ತೆರೆದಿದೆ. ನಾಲ್ವರು ನೂರು ಹಾಕಿದ್ದಲ್ಲಿ ಅರ್ಧ ಗೆದ್ದರೂ ನೂರು ಲಾಭವಲ್ಲವೇ ಎನ್ನಬಹುದು. ಹೌದು. ಅದಕ್ಕೇ ಒಂದು ಪಾಲಿನ ಕೈಯವರು ಸುಮ್ಮನೆ ಪಣ ಕೂಡಿಸುತ್ತಾ ಜನ ಉಳಿಸಿಕೊಳ್ಳಬೇಕು. ಜೋರಾಗಿ ಏರಿಸಿ ಇಬ್ಬರನ್ನು ಎಬ್ಬಿಸಿದರೆ ಆ ಲಾಭವನ್ನೇ ಓಡಿಸಿದಂತೆ.

ನಿಜವಾದ ಕಸರತ್ತು ಎಸೆಯುವಲ್ಲಿದೆ. ಐದೆಲೆಯಲ್ಲಿ ಎರಡೆರಡರ ಹತ್ತು ಜತೆಗಳಿವೆ. ಒಂದನ್ನು ಎಸೆದರೆ ನಾಲ್ಕು ಜತೆ ಹೋಯಿತು. ಮೂರನ್ನು ಎಸೆದರೆ ಉಳಿಯುವುದು ಒಂದೇ. ಹೊಸ ಎಲೆ ಹೊಸ ಜತೆ ಕಟ್ಟುತ್ತದೆ, ಆದರೆ ಅದು ನೆಲಕ್ಕೆ ಹೊಂದೀತೆಂಬ ಖಾತ್ರಿಯಿಲ್ಲ. ಹೋದ ಜತೆಯಾದರೋ ನೆಲ ನೋಡಿ ಅಳೆದದ್ದು. ಎಳನೀರಿಗೆ ಇಳಿಸಿದ ಗೊನೆ ಅಟ್ಟದ ಕೊಬ್ಬರಿಗೆ ಉಳಿಯುವುದಿಲ್ಲವಷ್ಟೆ. ಒಂದೇ ಬಣ್ಣದ ನಾಲ್ಕು ಎಲೆ ಹಿಡಿದವರಿಗೂ ಇದೇ ಇಕ್ಕಟ್ಟು: ಕೈ ತುಂಬಲು ಒಂದೇ ಸಾಕು, ಆದರೆ ಕೈಯಲ್ಲಿ ಕೂತಷ್ಟೂ ಆ ಬಣ್ಣ ನೆಲಕ್ಕೆ ಬೀಳುವುದು ಕಡಿಮೆ. ನೆಲದಲ್ಲಿ ಆ ಬಣ್ಣದ ಎರಡಿದ್ದಾಗ, ಕೈಯಲ್ಲಿ ಎರಡೇ ಇದ್ದವರಿಗೆ ಒಂಬತ್ತು ಎಲೆ ಕಾಣದೆ ಉಳಿದಿರುತ್ತವೆ, ನಾಲ್ಕಿದ್ದವರಿಗೆ ಏಳೇ.

ಎಲ್ಲ ಅದೃಷ್ಟದ ಮಾತು ಎನ್ನುವವರಿಗೆ 1967ರ ಸುಪ್ರೀಂ ಕೋರ್ಟ್ ತೀರ್ಪು ನೆನಪಿಸಬೇಕು. ರಮ್ಮಿ ಮೂರೆಲೆಯಾಟದ ಹಾಗಲ್ಲ, ಬರೀ ಅದೃಷ್ಟದ್ದಲ್ಲ ಎನ್ನಲು ಅಲ್ಲಿ ಕೊಟ್ಟ ಕಾರಣವೇ ಬಿದ್ದ ಎಲೆಗಳ ನೆನಪು, ಯಾವುದನ್ನು ಹಿಡಿದು ಯಾವುದನ್ನು ಬಿಡಬೇಕೆಂಬ ಕೌಶಲ. ಡ್ರಾಮಹಾದಲ್ಲಿ ಬಿಡುವುದು ಒಂದೇ ಸಲ, ಎರಡು ಲೆಕ್ಕಕ್ಕೆ ಸೇರಿ. ಜೂಜಿನ ಭಯ ಬೇರೆ ಮಾತು, ಅದು ಸುಳ್ಳೂ ಅಲ್ಲ: ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅಂಗೀಕರಿಸಿದೆ. ತಲೆಗೆ ನೂರು ಹುಣಸೆಬೀಜ ಹಂಚಿಕೊಂಡು ಆಡಿ. ಅರ್ಧದ ಲೆಕ್ಕ ಆಗಲೂ ಇಷ್ಟೇ.