ಬಣ್ಣ ಹಚ್ಚುವ ಮೊದಲಿನ ಚಿತ್ರ

ಬಾಹ್ಯಾಕಾಶ ದೂರದರ್ಶಕ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಣ್ಣಬಣ್ಣದ ನೀಹಾರಿಕೆಗಳು. ವಿಜ್ಞಾನ ಮೇಳಗಳ ಗೋಡೆ ತುಂಬ ಅವೇ. ನನಗೆ ಅವೆಲ್ಲಕ್ಕಿಂತ ಹಿಡಿಸಿದ್ದು ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಯುವಿಐಟಿ ಮೊದಲಿಗೆ ನೋಡಿದ ಎನ್‌ಜಿಸಿ 188 ತಾರಾಗುಚ್ಛ. ಅತಿನೇರಳೆ ಕಿರಣದಲ್ಲಿ ಅದು ಕಪ್ಪು ಹಿನ್ನೆಲೆಯ ಮೇಲಿನ ಒಂದಷ್ಟು ಬಿಳಿ ಚುಕ್ಕಿ. ಆದರೆ ಆ ಚುಕ್ಕಿಗಳು ಮೂಡಿದ ಬಗೆ ತಿಳಿದರೆ ಚಿತ್ರದಿಂದ ಕಣ್ಣು ಕೀಳಲು ಮನಸ್ಸಾಗುವುದಿಲ್ಲ.

ಅತಿನೇರಳೆ ಕಿರಣಗಳ ಬಹುಪಾಲನ್ನು ಓಝೋನ್ ತಡೆಯುವುದರಿಂದ ದೂರದರ್ಶಕ ಮೇಲಕ್ಕೇ ಹೋಗಬೇಕು. ಆಸ್ಟ್ರೋಸ್ಯಾಟ್‌ನ ಯುವಿಐಟಿ ದೂರದರ್ಶಕವನ್ನು ಜೋಡಿಸಿದ್ದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಹೊಸಕೋಟೆ ಕ್ಯಾಂಪಸ್‌ನಲ್ಲಿ. 2015ರ ಸೆಪ್ಟೆಂಬರ್ 28ರಂದು ಉಪಗ್ರಹ ಕಕ್ಷೆ ಸೇರಿದರೂ ದೂರದರ್ಶಕದ ಬಾಗಿಲು ತೆರೆದದ್ದು ಎರಡು ತಿಂಗಳ ನಂತರ. ಹೊಸ ಉಪಗ್ರಹದ ಮೈಯಿಂದ ಹೊರಬರುವ ಅನಿಲ ಕನ್ನಡಿಯ ಮೇಲೆ ತೆಳುವಾಗಿ ಕೂತರೂ ಸಾಕು, ಅತಿನೇರಳೆ ಬೆಳಕು ಅಲ್ಲೇ ಇಂಗಿಹೋಗುತ್ತದೆ. ಅಷ್ಟು ತಾಳ್ಮೆ ಬೇಕಿತ್ತು.

ಒಳಗೆ ನಡೆಯುವುದು ಫೋಟಾನ್‌ಗಳ ಎಣಿಕೆ. ಡಿಟೆಕ್ಟರ್ ಸೆಕೆಂಡಿಗೆ ಸುಮಾರು 29 ಫ್ರೇಮ್ ತೆಗೆದು, ಒಂದೊಂದರಲ್ಲೂ ಬಿದ್ದ ಫೋಟಾನ್‌ಗಳ ಜಾಗವನ್ನು ಗುರುತು ಹಾಕಿಕೊಳ್ಳುತ್ತದೆ. ಅಷ್ಟರಲ್ಲಿ ಉಪಗ್ರಹ ತುಸು ಅಲುಗಿರುತ್ತದೆ. ಎಷ್ಟು ಅಲುಗಿತೆಂಬುದನ್ನು ಪಕ್ಕದ ದೃಗ್ಗೋಚರ ಬೆಳಕಿನ ಕ್ಯಾಮೆರಾದಿಂದ ತಿಳಿದು, ಗುರುತುಗಳನ್ನೆಲ್ಲ ಕಂಪ್ಯೂಟರ್‌ನಲ್ಲಿ ಸರಿಪಡಿಸಿದ ಮೇಲಷ್ಟೇ ಚುಕ್ಕಿ ಚುಕ್ಕಿಯಾಗಿ ನಿಲ್ಲುತ್ತದೆ.

ಇದೇ ಗುಚ್ಛವನ್ನು ಮತ್ತೆ ಮತ್ತೆ ನೋಡಿದ್ದು ಕನ್ನಡಿ ಮಂಕಾಗುತ್ತಿದೆಯೇ ಎಂದು ಪರೀಕ್ಷಿಸಲು. ಆಕಾಶದ ಧ್ರುವದ ಹತ್ತಿರ ಇರುವುದರಿಂದ ಅದು ವರ್ಷವಿಡೀ ನೋಡಲು ಸಿಗುತ್ತದೆ. ಆ ತಪಾಸಣೆಯ ಚಿತ್ರಗಳಲ್ಲೇ 2016ರಲ್ಲಿ ಖಗೋಳವಿಜ್ಞಾನಿ ಅನ್ನಪೂರ್ಣಿ ಸುಬ್ರಮಣ್ಯಂ ಮತ್ತು ತಂಡದವರಿಗೆ ಒಂದು ಬ್ಲೂ ಸ್ಟ್ರಾಗ್ಲರ್ ತಾರೆಯ ಬಿಸಿ ಜೊತೆಗಾರ ಸಿಕ್ಕಿತು. ಬ್ಲೂ ಸ್ಟ್ರಾಗ್ಲರ್ ಎಂದರೆ ತನ್ನ ಓರಗೆಯ ತಾರೆಗಳೆಲ್ಲ ಮುದಿಯಾಗಿದ್ದರೂ ತಾನೊಂದೇ ಎಳೆಯದಾಗಿ ಉಳಿದಂತೆ ಕಾಣುವ ತಾರೆ. ಜೊತೆಗಾರನ ದ್ರವ್ಯವನ್ನು ಹೀರಿಕೊಂಡೇ ಅದು ಹಾಗೆ ಹೊಳೆಯುತ್ತಿದೆ ಎಂಬ ಊಹೆಗೆ ಇಲ್ಲಿ ಬಲ ಬಂತು. ಮಾಮೂಲಿ ಬೆಳಕಿನಲ್ಲಿ ಆ ಜೊತೆಗಾರ ಬೇರೆಯಾಗಿ ಕಾಣುವುದೇ ಇಲ್ಲ.

ಮೇಳದ ಗೋಡೆಯ ಬಣ್ಣದ ಚಿತ್ರಗಳೂ ಮೊದಲು ಹೀಗೆ ಕಪ್ಪುಬಿಳುಪಿನವೇ, ಒಂದೊಂದು ಫಿಲ್ಟರ್‌ನ ಚಿತ್ರಕ್ಕೆ ಬಣ್ಣ ಹಚ್ಚುವುದು ಆಮೇಲೆ. ಹಾಗಾಗಿ ಜನರಿಗೆ ಖಗೋಳ ತಲುಪಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಬಣ್ಣದ ಚಿತ್ರದ ಪಕ್ಕದಲ್ಲಿ ಅದರ ಕಪ್ಪುಬಿಳುಪಿನ ಮೂಲವನ್ನೂ ತೂಗುಹಾಕಿ. ಯಾವ ಫಿಲ್ಟರ್‌ಗೆ ಯಾವ ಬಣ್ಣ ಕೊಟ್ಟಿರೆಂದು ಬರೆಯಿರಿ. ಹೈಸ್ಕೂಲು ಮಕ್ಕಳಿಗೆ ಇದು ಖಂಡಿತ ಅರ್ಥವಾಗುತ್ತದೆ. ಆಸ್ಟ್ರೋಸ್ಯಾಟ್‌ನ ದತ್ತಾಂಶವಂತೂ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನ ಇಸ್ರೊ ಕೇಂದ್ರದಲ್ಲಿದೆ, 2018ರ ಸೆಪ್ಟೆಂಬರ್‌ನಿಂದ ಅದರ ಭಂಡಾರ ಜಗತ್ತಿಗೇ ತೆರೆದಿದೆ. ಬಿ.ಎಸ್ಸಿ. ಓದುತ್ತಿರುವವರು ಹೆಸರು ನೋಂದಾಯಿಸಿ, ಎನ್‌ಜಿಸಿ 188ರಿಂದಲೇ ಶುರು ಮಾಡಬಹುದು.