ಕರ್ತೃವಿಲ್ಲದ ವಾಕ್ಯ

ಸರಕಾರಿ ವರದಿಗಳನ್ನು ಯಾರೂ ಗದ್ಯವೆಂದು ವಿಮರ್ಶಿಸುವುದಿಲ್ಲ. ವಿಮರ್ಶಿಸಬೇಕು. ಎಂಡೋಸಲ್ಫಾನ್ ಕುರಿತ ವರದಿಗಳಲ್ಲಿ ಒಂದೇ ತೀರ್ಮಾನ ಮರುಕಳಿಸುತ್ತದೆ: ಕೀಟನಾಶಕಕ್ಕೂ ಕಾಯಿಲೆಗೂ ಸಂಬಂಧ ಸಾಬೀತಾಗಿಲ್ಲ. ಸಾಬೀತು ಮಾಡಬೇಕಾದವರು ಯಾರು? ವಾಕ್ಯದಲ್ಲಿ ಕರ್ತೃವೇ ಇಲ್ಲ. (ಸಾಬೀತು ಅರಬಿ ಮೂಲದ ಪದ, ಅಲುಗದೆ ನಿಂತದ್ದು ಎಂದರ್ಥ. ಇಲ್ಲಿ ಅಲುಗದೆ ನಿಂತದ್ದು ಈ ವಾಕ್ಯವೊಂದೇ.)

ಕಾಸರಗೋಡಿನ ಗೇರುತೋಟಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಈ ವಿಷ ಸಿಂಪಡಿಸಿತು. ನೀರಿನ ಮೂಲಗಳನ್ನು ಮುಚ್ಚಬೇಕೆಂಬ ನಿಯಮವೇನೋ ಇತ್ತು. ಆದರೆ ಪಡ್ರೆಯಂಥ ಊರಲ್ಲಿ ಜನ ಕುಡಿಯುವುದು ಗುಡ್ಡ ಕೊರೆದ ಸುರಂಗಗಳ, ತೆರೆದ ತೋಡುಗಳ ನೀರನ್ನು. ಹರಿಯುವ ತೋಡಿಗೆ ಮುಚ್ಚಳ ಎಲ್ಲಿಂದ ತರುವುದು?

ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿನ ಮಕ್ಕಳನ್ನು ಸಿಂಪಡಣೆಯಿಲ್ಲದ ಕಡೆಯ ಮಕ್ಕಳೊಂದಿಗೆ ಹೋಲಿಸಿ, ಹುಟ್ಟು ವೈಕಲ್ಯ, ಕಲಿಕೆಯ ತೊಂದರೆ ಹೆಚ್ಚಿವೆ ಎಂದು 2002ರಲ್ಲೇ ಹೇಳಿತ್ತು. ಆಮೇಲೂ ದುಬೆ ಸಮಿತಿ, ಮಾಯಿ ಸಮಿತಿಗಳು ಹಳೆಯ ವಾಕ್ಯಕ್ಕೇ ಮರಳಿದವು. ಗಡಿಯ ಈಚೆ ಕೊಕ್ಕಡದಲ್ಲೂ ಅದೇ ಗೇರು, ಅದೇ ಮಕ್ಕಳು. ಕರ್ನಾಟಕ ನಿಷೇಧಿಸಿದ್ದು 2011ರ ಫೆಬ್ರವರಿಯಲ್ಲಿ.

ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶವಿಡೀ ತಡೆ ನೀಡಿದಾಗ ಸಾಬೀತಿಗಾಗಿ ಕಾಯಲಿಲ್ಲ. ಮುನ್ನೆಚ್ಚರಿಕೆಯ ತತ್ವವನ್ನು ಆಧರಿಸಿತು. 2017ರಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡುವಂತೆ ಕೇರಳಕ್ಕೆ ಆದೇಶಿಸಿತು. 2022ರಲ್ಲಿ ಅದೇ ಕೋರ್ಟು ಲೆಕ್ಕ ಕೇಳಿದಾಗ, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ.