ಅಳಿಸದೆ ಹಿಂದಕ್ಕೆ ಹೋಗುವುದು

ತುಳು ವಿಕಿಪೀಡಿಯದ ಪುಟ ತೆರೆದರೆ ನಾನು ಮೊದಲು ನೋಡುವುದು ಅದರ ಇತಿಹಾಸ, ಲೇಖನ ಆಮೇಲೆ. ವರ್ಷಗಟ್ಟಲೆ ಹೊಸ ಭಾಷೆಗಳ ವಿಕಿಗಳು ಪ್ರಯೋಗದಲ್ಲಿರುವ ‘ಇನ್‌ಕ್ಯುಬೇಟರ್’ ತಾಣದಲ್ಲಿದ್ದು 2016ರ ಆಗಸ್ಟಿನಲ್ಲಿ ಸ್ವಂತ ವಿಳಾಸ ಪಡೆದ ಈ ವಿಶ್ವಕೋಶ ಕನ್ನಡ ಲಿಪಿಯಲ್ಲಿದೆ. ತುಳುವಿನ ಪದಗಳ ಕೊನೆಗೆ ಬರುವ ಆ ಗಿಡ್ಡ ಸ್ವರಕ್ಕೆ ಕನ್ನಡದಲ್ಲಿ ನೆಟ್ಟಗೆ ಒಂದು ಅಕ್ಷರವಿಲ್ಲ. ಒಬ್ಬರು ಬರೆದಂತೆ ಇನ್ನೊಬ್ಬರು ಬರೆಯುವುದಿಲ್ಲ, ಒಬ್ಬರು ತಿದ್ದಿದ್ದನ್ನು ಮತ್ತೊಬ್ಬರು ತಿದ್ದುತ್ತಾರೆ. ಒಂದು ಭಾಷೆ ಬರವಣಿಗೆಯ ರೂಢಿಯನ್ನು ಹುಡುಕಿಕೊಳ್ಳುವ ಈ ಬಗೆ ದಿನಾಂಕ ಸಮೇತ ದಾಖಲಾಗುತ್ತಿದೆ. ಅದಕ್ಕೇ, ವೆಬ್ ಆ್ಯಪ್ ಕಟ್ಟುವವರು ಆವೃತ್ತಿ ಇತಿಹಾಸವನ್ನು ‘ಪುರುಸೊತ್ತಾದಾಗ ಸೇರಿಸೋಣ’ ಎಂದಾಗ ನನಗೆ ಸಂಕಟವಾಗುತ್ತದೆ.

ವಿಕಿಪೀಡಿಯದ ಹಿಂದಿರುವ ತಂತ್ರಾಂಶವಾದ ಮೀಡಿಯಾವಿಕಿಯಲ್ಲಿ ಹಳೆಯದಕ್ಕೆ ಮರಳುವುದೆಂದರೆ ಹೊಸದನ್ನು ಕಿತ್ತು ಹಾಕುವುದಲ್ಲ. ಹಳೆಯ ಪಠ್ಯವೇ ಮತ್ತೊಂದು ಹೊಸ ಆವೃತ್ತಿಯಾಗಿ ಮೇಲೆ ಕೂರುತ್ತದೆ. ತಪ್ಪು ಮಾಡಿದವರ ಹೆಸರೂ ತಿದ್ದಿದವರ ಹೆಸರೂ ಉಳಿಯುತ್ತವೆ. ಕೆನರಾ ಬ್ಯಾಂಕ್ (1906), ಕರ್ಣಾಟಕ ಬ್ಯಾಂಕ್ (1924) ಹುಟ್ಟಿದ ಮಂಗಳೂರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಲೆಡ್ಜರಿನಲ್ಲಿ ತಪ್ಪು ಬಿದ್ದರೆ ಕೆರೆದು ತೆಗೆಯುವುದಿಲ್ಲ, ಎದುರು ನಮೂದು ಬರೆಯುತ್ತಾರೆ.

ರೋಲ್‌ಬ್ಯಾಕ್ ಒತ್ತಿದರೆ ಕೊನೆಯ ಸಂಪಾದಕ ಸಾಲಾಗಿ ಮಾಡಿದ ತಿದ್ದುಪಡಿಗಳೆಲ್ಲ ಒಮ್ಮೆಗೇ ರದ್ದಾಗುತ್ತವೆ. ನಡುವಿನ ಒಂದನ್ನೇ ತೆಗೆಯುವುದು ಕಷ್ಟದ ಕೆಲಸ. ಆ ತಿದ್ದುಪಡಿಗೆ ಮುಂಚಿನ ಪ್ರತಿ, ನಂತರದ ಪ್ರತಿ, ಇವತ್ತಿನ ಪ್ರತಿ ಮೂರನ್ನೂ ತಾಳೆ ನೋಡಬೇಕು. ಅದೇ ಸಾಲನ್ನು ಆಮೇಲೆ ಯಾರಾದರೂ ಮುಟ್ಟಿದ್ದರೆ ತಂತ್ರಾಂಶ ತಾನಾಗಿ ಏನನ್ನೂ ಮಾಡದೆ ನಮಗೆ ಬಿಟ್ಟುಕೊಡುತ್ತದೆ. ಊಹಿಸಿ ಬೆಸೆಯುವುದಕ್ಕಿಂತ ಅದೇ ಲೇಸು.

ಜಾಗ ಸಾಲುವುದೇ ಎಂದು ಕೇಳುವವರಿದ್ದಾರೆ. ಪ್ರತಿ ಸಲವೂ ಇಡೀ ಪಠ್ಯ ಉಳಿಯುತ್ತದೆ, ನಿಜ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಆದರೆ ಮೊದಲ ಬೈಟು ಯಾವಾಗಲೂ ಒಂದೇ, ಎರಡನೆಯದಕ್ಕೆ ಇರುವುದು ಎರಡೇ ಬೆಲೆ. ಆವೃತ್ತಿಗಳೂ ಒಂದನ್ನೊಂದು ಹೋಲುವುದರಿಂದ ಒಟ್ಟಿಗೆ ಕಟ್ಟಿ ಜಿಜಿಪ್ ಮಾಡಿದರೆ ಗಾತ್ರ ಚೆನ್ನಾಗಿ ಕುಗ್ಗುತ್ತದೆ. ಜಾಗ ಉಳಿಸಲು ಹೋದರೆ ಏನಾಗುತ್ತದೆಂಬುದಕ್ಕೆ ಇಂಗ್ಲಿಷ್ ವಿಕಿಪೀಡಿಯವೇ ಸಾಕ್ಷಿ. 2001ರಲ್ಲಿ ಅದು ನಡೆಯುತ್ತಿದ್ದ ಯೂಸ್‌ಮಾಡ್‌ವಿಕಿ ಎಂಬ ತಂತ್ರಾಂಶ ಹಳೆಯ ಆವೃತ್ತಿಗಳನ್ನು ಕೆಲಕಾಲದ ನಂತರ ಎಸೆಯುತ್ತಿತ್ತು. ಮೊದಲ ತಿಂಗಳುಗಳ ತಿದ್ದುಪಡಿಗಳು ಕಳೆದೇಹೋದವೆಂದು ಎಲ್ಲರೂ ನಂಬಿದ್ದರು. ಮೀಡಿಯಾವಿಕಿಯ ಡೆವಲಪರ್ ಟಿಮ್ ಸ್ಟಾರ್ಲಿಂಗ್ ಅವರಿಗೆ ಹಳೆಯ ಬ್ಯಾಕಪ್‌ನಲ್ಲಿ ಅವು ಸಿಕ್ಕಿದ್ದು 2010ರ ಡಿಸೆಂಬರಿನಲ್ಲಿ.

ಮೀಡಿಯಾವಿಕಿಯಲ್ಲಿ ನನಗೆ ಒಪ್ಪದ ಒಂದು ಸಂಗತಿಯೂ ಇದೆ. 2017ರ ಆವೃತ್ತಿಯನ್ನು ತೆರೆದರೆ ಪಠ್ಯ ಆಗಿನದು, ಟೆಂಪ್ಲೇಟು ಮತ್ತು ಚಿತ್ರ ಮಾತ್ರ ಇವತ್ತಿನವು. ಅಂದು ಓದುಗರು ಕಂಡ ಪುಟ ಅದಲ್ಲ. ಹೊಸದಾಗಿ ಕಟ್ಟುವವರು ಪ್ರತಿ ಆವೃತ್ತಿಯ ಜತೆ ಅದು ಬಳಸಿದ ಟೆಂಪ್ಲೇಟುಗಳ ಆವೃತ್ತಿ ಸಂಖ್ಯೆಯನ್ನೂ ಬರೆದಿಡಲಿ. ಟೇಬಲ್ಲಿಗೆ ಇನ್ನೊಂದು ಕಾಲಂ, ಅಷ್ಟೆ; ಮೊದಲ ದಿನವೇ ಸೇರಿಸಬೇಕು, ಆಮೇಲೆ ಸೇರಿಸಿದರೆ ಹಿಂದಿನವಕ್ಕೆ ಅದು ಖಾಲಿಯೇ.